ಆಚೆ ಕೇಳಿಸದ ಕೋಣೆ

ಯಶವಂತಪುರದ ಮಾರ್ಕೆಟ್ ಹಿಂದಿನ ರಸ್ತೆಯಲ್ಲಿ, ಹಿಟ್ಟಿನ ಗಿರಣಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಕ್ಯಾಸೆಟ್ ಕಂಪನಿ ಇತ್ತು. ನಮ್ಮ ಅಂದದ್ದು ಬಾಯಿ ರೂಢಿ. ನಾನು ಅಲ್ಲಿ ಸಂಬಳಕ್ಕಿದ್ದವಳು. ಫೋನ್ ಎತ್ತುವುದು, ಹಾಡಲು ಬಂದವರಿಗೆ ಬಿಸಿನೀರು ಕಾಯಿಸಿ ಕೊಡುವುದು, ಊರೂರಿನ ಅಂಗಡಿಗಳಿಗೆ ಕ್ಯಾಸೆಟ್ಟು ಕಟ್ಟಿ ಕಳಿಸುವುದು, ಕೋರಸ್ಸಿಗೆ ಜನ ಕಡಿಮೆ ಬಿದ್ದರೆ ಸೆರಗು ಸಿಕ್ಕಿಸಿಕೊಂಡು ಹೋಗಿ ನಿಲ್ಲುವುದು, ಎಲ್ಲ ನನ್ನ ಪಾಲಿಗೆ. ಮದುವೆಗೆ ಮುಂಚೆ ಸೇರಿದವಳು, ಇಬ್ಬರು ಮಕ್ಕಳು ಕಾಲೇಜು ಮುಟ್ಟಿದರೂ ಅಲ್ಲೇ ಇದ್ದೆ. ಹಾಗಾಗಿ ಯಾರಾದರೂ "ನಿಮ್ಮ ಕಂಪನಿ" ಅಂದರೆ ನಾನು ತಿದ್ದುತ್ತಿರಲಿಲ್ಲ. ಕಂಪನಿಯ ಹೆಸರು ಮಾತ್ರ ಕೇಳಬೇಡಿ. ಇಲ್ಲಿ ಯಾರ ಹೆಸರನ್ನೂ ನಾನು ಬರೆಯುವುದಿಲ್ಲ. ಹೆಸರು ಹಿಡಿದು ಕರೆದದ್ದರಿಂದ ನಮ್ಮ ಮನೆಯಲ್ಲಿ ಏನಾಯಿತು ಅಂತ ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಕಂಪನಿ ಕಟ್ಟಿದ ಯಜಮಾನರು ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರು. ದೊಡ್ಡ ಕಂಪನಿಗಳೆಲ್ಲ ಸಿನಿಮಾ ಹಾಡಿನ ಹಿಂದೆ ಓಡುವಾಗ ಇವರು ಸೋಬಾನೆ ಪದ, ತತ್ವಪದ, ಕೋಲಾಟದ ಪದ ಅಂತ ಹಳ್ಳಿ ಹಳ್ಳಿ ತಿರುಗಿ ಹೆಂಗಸರನ್ನು ಕರೆತಂದು ಹಾಡಿಸಿದರು. "ಅವರು ಬಿಟ್ಟಿದ್ದು ನನಗೆ ಸಾಕಮ್ಮ" ಅನ್ನೋರು. ರೆಕಾರ್ಡಿಂಗ್ ಕೋಣೆಯನ್ನು ತಾವೇ ಕೈಯಾರೆ ಮಾಡಿದ್ದರು. ಗೋಡೆ ತುಂಬ ಮೊಟ್ಟೆ ಟ್ರೇ, ಅದರ ಮೇಲೆ ತೆಂಗಿನ ನಾರಿನ ಚಾಪೆ, ಬಾಗಿಲಿಗೆ ಎರಡು ಹಳೇ ರಜಾಯಿ. ಮೊಟ್ಟೆಯ ವಾಸನೆ ಬಂದರೆ ಮೂಗು ಮುಚ್ಚುವ ಮನುಷ್ಯ ಬೇಕರಿಗಳ ಮುಂದೆ ನಿಂತು ಖಾಲಿ ಟ್ರೇ ಬೇಡುತ್ತಿದ್ದರು ಅಂತ ಮಾರ್ಕೆಟ್ಟಿನವರು ತಮಾಷೆ ಮಾಡುತ್ತಿದ್ದರು. ಆದರೆ ಕೋಣೆ ಅಂದರೆ ಕೋಣೆ! ಒಳಗಿನ ಸದ್ದು ಆಚೆ ಹೋಗದು, ಆಚೆಯ ಸದ್ದು ಒಳಗೆ ಬಾರದು. ಕೆಳಗಿನ ಗಿರಣಿ ಮಾತ್ರ ನೆಲವನ್ನೇ ನಡುಗಿಸುತ್ತಿತ್ತು. ಅದಕ್ಕೇ ಗಿರಣಿಗೆ ರಜೆಯಿದ್ದ ಮಂಗಳವಾರವೇ ನಮ್ಮ ರೆಕಾರ್ಡಿಂಗ್.

ಆ ಕೋಣೆಯೊಳಗೇ, ಯಂತ್ರ ಇಟ್ಟಿದ್ದ ಜಾಗದ ಮೇಲೆ ಗೋಡೆಯಲ್ಲಿ ಒಂದು ದೇವರ ಗೂಡು. ನಮ್ಮಲ್ಲಿ ಒಂದು ಪದ್ಧತಿಯಿತ್ತು. ಹೊಸ ಹಾಡಿನ ಟೇಪು ಸಿದ್ಧವಾದ ದಿನ ಅದನ್ನು ಗೂಡಿನಲ್ಲಿ ದೇವರ ಪಾದದ ಹತ್ತಿರ ಇಡುವುದು, ಒಂದು ಹೂವು ಏರಿಸುವುದು, ಮಾರನೇ ಬೆಳಿಗ್ಗೆ ತೆಗೆದು ಕ್ಯಾಸೆಟ್ ಮಾಡಿಸಲು ಕಳಿಸುವುದು. ಮದುವೆ ಪತ್ರಿಕೆಯಾಗಲಿ ಹೊಸ ಬೀಗದ ಕೈಯಾಗಲಿ ಮೊದಲು ದೇವರಿಗೆ ತೋರಿಸಿಯೇ ಆಮೇಲೆ ಊರಿಗೆ, ಅಲ್ಲವೇ? ಹಾಗೇ ಇದೂ. ಎಷ್ಟೋ ಟೇಪುಗಳು ಆ ಗೂಡಿಗೆ ಬಂದವು, ಹೋದವು. ಒಂದು ಮಾತ್ರ ಮೂಲೆಯಲ್ಲಿ ಅಲುಗಾಡದೆ ಕೂತಿತ್ತು. ಡಬ್ಬಿಯ ಮೇಲೆ ಹೆಸರಿಲ್ಲ, ಏನಿಲ್ಲ. "ಇದೇನು ಯಜಮಾನ್ರೇ?" ಅಂತ ಸೇರಿದ ಹೊಸದರಲ್ಲಿ ಕೇಳಿದ್ದೆ. "ಅದು ಅಲ್ಲೇ ಇರ್ಲಿ ಬಿಡಮ್ಮ, ತೆಗೀಬೇಡ" ಅಂದರು. ಕಂಪನಿಯ ಮೊಟ್ಟಮೊದಲ ಟೇಪಿರಬೇಕು, ಒಳ್ಳೆಯದಾಗಲಿ ಅಂತ ಇಟ್ಟಿದ್ದಾರೆ ಅಂದುಕೊಂಡೆ. ದಿನಾ ಬೆಳಿಗ್ಗೆ ದೇವರಿಗೆ ಹೂವು ಏರಿಸುವಾಗ ಆ ಡಬ್ಬಿಗೂ ಒಂದು ಸೇವಂತಿಗೆ ಇಡುತ್ತಿದ್ದೆ.

ನಾನು ಅಲ್ಲಿಗೆ ಸೇರಿದ್ದೇ ನಮ್ಮಮ್ಮನ ದೆಸೆಯಿಂದ. ನಮ್ಮದು ಕೋಗಿಲು. ಅಮ್ಮ ಆ ಸುತ್ತಿನಲ್ಲೆಲ್ಲ ಸೋಬಾನೆ ಹೇಳುವುದರಲ್ಲಿ ಎತ್ತಿದ ಕೈ. ನಾನಿನ್ನೂ ಲಂಗ ತೊಡುವ ಕಾಲದಲ್ಲಿ ಯಜಮಾನರು ಮನೆಗೆ ಬಂದು ಅವಳನ್ನು ಕರೆದುಕೊಂಡು ಹೋಗಿ ಒಂದು ಕ್ಯಾಸೆಟ್ ತುಂಬ ಹಾಡಿಸಿದ್ದರು. ಒಂದು ಸೀರೆ, ಒಂದಷ್ಟು ದುಡ್ಡು ಕೊಟ್ಟರು. ಆ ಕಾಲಕ್ಕೆ ಅದೇ ದೊಡ್ಡದು. ಆಮೇಲೆ ಆ ಪರಿಚಯದಲ್ಲಿ ನನಗೆ ಕೆಲಸ.

ಊರಿನ ಮದುವೆಗೆಲ್ಲ ಹಾಡುವ ಅಮ್ಮ ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಜೋಗುಳವಂತೂ ಇಲ್ಲವೇ ಇಲ್ಲ. ನನ್ನನ್ನು ಮಲಗಿಸುವಾಗ ಬೆನ್ನು ತಟ್ಟುತ್ತಿದ್ದಳು, ಅಷ್ಟೆ. ನನ್ನ ಮಕ್ಕಳನ್ನು ತೊಟ್ಟಿಲಿಗೆ ಹಾಕಿದ ದಿನವೂ ಪಕ್ಕದ ಮನೆಯವರು ಹಾಡಿದರು, ನಮ್ಮಮ್ಮ ತಾಂಬೂಲ ಹಂಚುತ್ತ ನಿಂತಳು. ನನಗೆ ಹೊಟ್ಟೆ ಉರಿದುಹೋಯಿತು. ಊರಿಗೆಲ್ಲ ಉಪಕಾರಿ, ಮನೆಗೆ ಮಾರಿ ಅಂತ ಅವಳ ಮುಖಕ್ಕೇ ಅಂದಿದ್ದೆ. ಅವಳು ತಾಂಬೂಲದ ತಟ್ಟೆ ಹಿಡಿದು ಮುಂದಿನವರ ಹತ್ತಿರ ಹೋದಳು. ನನಗಿಂತ ಮುಂಚೆ ಒಂದು ಹೆಣ್ಣು ಮಗು ಇತ್ತು, ನಡೆಯಲು ಕಲಿತ ಮೇಲೆ ಜ್ವರದಲ್ಲಿ ಹೋಯಿತು ಅನ್ನುವುದು ಅಜ್ಜಿಯಿಂದ ಗೊತ್ತಿತ್ತು. ಅದರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ.

ಎರಡು ಸಾವಿರದ ಎಂಟರಲ್ಲಿ ಯಜಮಾನರು ಕಂಪನಿ ಮಾರಿದರು. ಕ್ಯಾಸೆಟ್ಟು ಕೇಳುವವರಿರಲಿಲ್ಲ. ಸಿ.ಡಿ. ಮಾಡಿದರೆ ವಾರದೊಳಗೆ ಅದರ ಕಳ್ಳ ಪ್ರತಿ ಫುಟ್‌ಪಾತಿನಲ್ಲಿ. ಅವರಿಗೆ ಕಿವಿಯೂ ಮಂದವಾಗಿತ್ತು. ಕೊಂಡವರು ಜಕ್ಕೂರು ಕಡೆಯವರು, ಹಳೇ ಬೇಸಾಯದ ಮನೆತನ. ಅವರಪ್ಪ ರಾಗಿ ಬೆಳೆದ ಹೊಲದಲ್ಲಿ ಇವರು ಅಪಾರ್ಟ್‌ಮೆಂಟ್ ಎಬ್ಬಿಸಿದ್ದರು. ಬಿಳಿ ಶರ್ಟು, ಬಿಳಿ ಪ್ಯಾಂಟು, ಕೈಗೆ ದಪ್ಪ ಚಿನ್ನದ ಕಡಗ. ಇವನಿಗೂ ಸೋಬಾನೆಗೂ ಏನು ಸಂಬಂಧ ಅಂತ ನಾನು ಒಳಗೊಳಗೇ ಕುದಿಯುತ್ತಿದ್ದೆ. ಮೊದಲ ದಿನ ಬಂದವರು ಆ ಕೋಣೆಯೊಳಗೆ ಗೋಡೆಯ ಚಾಪೆ ಸವರುತ್ತ ನಿಂತರು.

"ನಮ್ಮಜ್ಜಿ ನಾಟಿ ಟೈಮಲ್ಲಿ ಎಷ್ಟ್ ಚೆನ್ನಾಗ್ ಪದ ಹೇಳೋಳು ಗೊತ್ತಾ ಮೇಡಂ? ಒಂದೂ ಉಳೀಲಿಲ್ಲ. ಭೂಮಿನೂ ಹೋಯ್ತು, ಪದಾನೂ ಹೋಯ್ತು. ಭೂಮಿ ದುಡ್ಡಲ್ಲಿ ಬೇರೆಯೋರ ಪದಾನಾದ್ರೂ ಉಳಿಸ್ಕೊಳಣ ಅಂತ ತಗೊಂಡೆ" ಅಂದರು.

ಅಲ್ಲಿಗೆ ನನ್ನ ಸಿಟ್ಟು ಇಳಿಯಿತು. ಮನುಷ್ಯ ಒಳ್ಳೆಯವರು. ಅದೇ ತೊಂದರೆಯಾದದ್ದು. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಹಳೇ ಯಜಮಾನರು ಒಂದು ವಾರ ಬಂದು ಹೊಸಬರಿಗೆ ಎಲ್ಲ ಒಪ್ಪಿಸಿದರು. ಯಾವ ಯಂತ್ರ ಎಲ್ಲಿ ಮುನಿಸಿಕೊಳ್ಳುತ್ತದೆ, ಯಾವ ಅಂಗಡಿಯವನು ಸುಳ್ಳುಗಾರ, ಯಾವ ಹಾಡುಗಾರ್ತಿಗೆ ಕಾಫಿ ಆಗುವುದಿಲ್ಲ, ಎಲ್ಲ ಹೇಳಿದರು. ದೇವರ ಗೂಡಿಗೆ ಕೈಮುಗಿದು ಹೊರಟರು. ಮೂಲೆಯ ಡಬ್ಬಿಯ ವಿಷಯ ಒಂದು ಮಾತು ಆಡಲಿಲ್ಲ.

ಅದಾದ ಮೇಲಿನ ಚಳಿಗಾಲದಲ್ಲಿ ಅಮ್ಮನ ಎರಡೂ ಕಣ್ಣಿಗೆ ಒಂದಾದ ಮೇಲೊಂದು ಪೊರೆ ಆಪರೇಷನ್ ಆಯಿತು. ಅಪ್ಪ ತೀರಿಕೊಂಡ ಮೇಲೆ ಅವಳು ಬಾಗಲಗುಂಟೆಯ ನಮ್ಮ ಮನೆಯಲ್ಲೇ ಇದ್ದಳು. ನಾನು ಕೆಲಸಕ್ಕೆ ಎರಡು ತಿಂಗಳು ರಜೆ ಹಾಕಿ ಅವಳ ಕಣ್ಣಿಗೆ ಔಷಧಿ ಬಿಡುತ್ತ ಕೂತಿದ್ದೆ. ಸಂಕ್ರಾಂತಿ ಹತ್ತಿರ ಬಂದಿತ್ತು. ಸೇವಂತಿಗೆ ಜಾಸ್ತಿ ಬೇಕು ಅಂತ ಹೂವಿನವಳಿಗೆ ಫೋನ್ ಮಾಡಬೇಕಿತ್ತು. ಹೂವಿನವಳ ಹತ್ತಿರ ಚೌಕಾಸಿ ಅಮ್ಮನದೇ. ನನಗೆ ಬರುವುದಿಲ್ಲ ಅಂತ ಅವಳ ತೀರ್ಮಾನ. ನಾನು ನಂಬರ್ ಒತ್ತಿ ಫೋನನ್ನು ಅವಳ ಕೈಗೆ ಕೊಟ್ಟು ಒಲೆಯ ಕಡೆ ತಿರುಗಿದೆ.

ಮಾತೇ ಕೇಳಿಸಲಿಲ್ಲ. ತಿರುಗಿ ನೋಡಿದರೆ ಅಮ್ಮ ಕಪ್ಪು ಕನ್ನಡಕದಲ್ಲಿ ಗೋಡೆಗೆ ಒರಗಿ ಕೂತಿದ್ದಾಳೆ, ಫೋನು ಕಿವಿಗೆ ಅಂಟಿದೆ, ಬಾಯಿ ಅರ್ಧ ತೆರೆದಿದೆ. ಹೂವಿನವಳು ಏನೋ ಅಂದುಬಿಟ್ಟಳೇನೋ ಅಂತ ನಾನು ಫೋನು ಕಿತ್ತುಕೊಂಡೆ. "ನಾಲ್ಗೆ ಬಿಗಿ ಹಿಡಿದು ಮಾತಾಡು" ಅನ್ನಲು ಬಾಯಿ ತೆರೆದವಳು ಹಾಗೇ ನಿಂತೆ. ಆ ಕಡೆ ಇನ್ನೂ ಯಾರೂ ಎತ್ತಿರಲಿಲ್ಲ. ಕಾಲರ್ ಟ್ಯೂನ್ ಬರುತ್ತಿತ್ತು. ಕೊಳಲಿನ ಹಿಂದೆ ಒಬ್ಬ ಹೆಂಗಸು ಜೋಗುಳ ಹಾಡುತ್ತಿದ್ದಳು. ತೊಟ್ಟಿಲಿಗೆ ಬಾ, ಮಡಿಲಿಗೆ ಬಾ ಅಂತ ಸಾಲಿಗೊಮ್ಮೆ ಒಂದು ಮಗುವನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಆ ಹೆಸರು ನಾನು ಕೇಳಿದ್ದಲ್ಲ. ದನಿ ನಮ್ಮಮ್ಮನದು.

ಅಮ್ಮ ಆ ಮಧ್ಯಾಹ್ನವೆಲ್ಲ ಮೊರದ ಮುಂದೆ ಅವರೆಕಾಯಿ ಬಿಡಿಸುತ್ತ ಕೂತಳು. ಕಣ್ಣು ಕಾಣಿಸದಿದ್ದರೂ ಕೈ ನಿಲ್ಲಲಿಲ್ಲ. ಕಾಳು ಮೊರಕ್ಕೆ ಬೀಳದೆ ನೆಲಕ್ಕೆ ಬೀಳುತ್ತಿತ್ತು. ನಾನು ಆರಿಸಿ ಹಾಕುತ್ತಿದ್ದೆ. ಆಗ ಹೇಳಿದಳು.

"ಅದು ಆ ಕೂಸು ಓದ ಮೇಲೆ ಕಟ್ಟಿದ ಪದ ಕಣೇ. ಒಲದಲ್ಲಿ ಕಳೆ ಕೀಳ್ತಾ ಮನಸ್ನಾಗೇ ಕಟ್ಟಿದ್ದು. ಒಂದ್ ದಿನ ಬಾಯ್ಬಿಟ್ಟು ಅಂದ್ಬುಟ್ಟೆ. ನಿಮ್ಮಜ್ಜಿ ಓಡ್ಬಂದು ಬಾಯಿ ಮುಚ್ಚುದ್ಲು. ಎಸ್ರು ಇಡ್ದು ಕರೀಬ್ಯಾಡ ಕಣೇ, ಓದ ಕೂಸು ತಿರುಗಿ ನೋಡ್ತದೆ, ನೋಡುದ್ರೆ ದಾರಿ ತಪ್ತದೆ ಅಂದ್ಲು. ಅವತ್ತಿಂದ ನಾನು ಅದರ ಎಸ್ರು ಎತ್ತಿಲ್ಲ."

"ಮತ್ತೆ ಇದನ್ನ ಯಾರಮ್ಮ ಹಾಡಿದ್ದು?" ಅಂದೆ.

"ನಾನೇ. ಆ ಕೋಣೆನಾಗೆ. ಎಲ್ಲ ಪದ ಮುಗ್ದಿತ್ತು. ಇಲ್ಲಿ ಎಷ್ಟ್ ಕಿರುಚುದ್ರೂ ಆಚೆ ಒಂದ್ ಚೂರೂ ಕೇಳಲ್ಲ ಕಣಮ್ಮ ಅಂತ ನಿಮ್ಮ ಯಜಮಾನ್ರು ಎಚ್ಚಳ್ವಾಗಿ ಏಳಿದ್ರು. ಆಚೆ ಕೇಳಲ್ಲ ಅಂದ್ರೆ ಅದಕ್ಕೂ ಕೇಳಲ್ಲ ಅಂತ ತಾನೇ? ಎಷ್ಟ್ ವರ್ಸ ಆಗಿತ್ತು ಅದ್ನ ಕರ್ದು. ಒಂದೇ ಒಂದ್ ಸಲ ಅಂತ ಕರೆದೆ. ಯಂತ್ರ ತಿರುಗ್ತಾ ಇತ್ತು ಅಂತ ಆಮೇಲೆ ಗೊತ್ತಾಯ್ತು. ಕಾಲು ಇಡ್ಕೊಂಡೆ, ಅಳಿಸ್ಬುಡಿ ಅಂತ. ಇದು ಈ ಕೋಣೆ ದಾಟಲ್ಲ ಅಂತ ಮಾತು ಕೊಟ್ರು."

ಎದ್ದು ಹೋಗಿ ಬಚ್ಚಲಲ್ಲಿ ಮುಖ ತೊಳೆದುಕೊಂಡೆ. ನಾನು ದಿನಾ ಹೂವಿಟ್ಟ ಡಬ್ಬಿ ಅದು ಅಂತ ಯಾರೂ ಹೇಳಬೇಕಿರಲಿಲ್ಲ.

ಮಾರನೇ ದಿನ ಯಶವಂತಪುರಕ್ಕೆ ಹೋದವಳು ಹೊಸ ಯಜಮಾನರ ಮೇಲೆ ಎಗರಿಬಿದ್ದೆ. ನನ್ನ ನಾಲಿಗೆಗೆ ಮೊದಲೇ ಎಲುಬಿಲ್ಲ. ಕೆಳಗಿನ ಗಿರಣಿಯವನು ಮೋಟರು ನಿಲ್ಲಿಸಿ ಮೆಟ್ಟಿಲ ಹತ್ತಿರ ಬಂದು ನಿಂತ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ ಕುರ್ಚಿಯಲ್ಲಿ ಕುಸಿದರು.

"ದೇವ್ರಾಣೆ ಗೊತ್ತಿರ್ಲಿಲ್ಲ ಮೇಡಂ. ನಿಮ್ ಪದ್ಧತಿ ನೋಡಿದ್ನಲ್ಲ, ದೇವ್ರ ಮುಂದೆ ಇಟ್ಟಿದ್ದು ಮಾರ್ನೇ ದಿನ ಬಿಡುಗಡೆಗೆ ಹೋಗ್ಬೇಕು. ಇದೊಂದು ಇಟ್ಟ ಹಂಗೇ ಇದೆ. ಪಾಪ, ಹಳೇ ಯಜಮಾನ್ರು ಕೈಲಿ ಆಗ್ದೆ ನಿಂತೋಗಿರೋ ಕೆಲ್ಸ, ದೇವ್ರಿಗೆ ಒಪ್ಸಿದ್ದು ಹಂಗೇ ಬಿಟ್ರೆ ನಂಗೆ ಒಳ್ಳೇದಾಗಲ್ಲ ಅಂತ ನೀವ್ ರಜೆ ಹೋದ್ಮೇಲೆ ಮೊದ್ಲು ಅದನ್ನೇ ಕಳಿಸ್ದೆ. ಕೊಳಲು ಹಾಕ್ಸಿ ಚೆಂದ ಮಾಡ್ಸಿ, ನೀವ್ ರಜೆಯಿಂದ ಬಂದ್ಮೇಲೆ ಕೇಳಿಸಣ ಅಂತಿದ್ದೆ." ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡರು. "ತಪ್ಪಾಯ್ತು ಮೇಡಂ. ಎಂಥಾ ತಪ್ಪಾಯ್ತು."

ಏನಂತ ಬೈಯಲಿ? ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ದೇವರ ಪಾದದಲ್ಲಿಟ್ಟ ಟೇಪು ಅಂದರೆ ನಮ್ಮಲ್ಲಿ ಯಾರಿಗಾದರೂ ಅದೇ ಅರ್ಥ. ಅವರು ಸಿ.ಡಿ.ಗಳನ್ನು ಅಂಗಡಿಗಳಿಂದ ವಾಪಸ್ ತರಿಸಿದರು. ಕಾಲರ್ ಟ್ಯೂನ್ ಮಾತ್ರ ಅವರ ಕೈ ಬಿಟ್ಟುಹೋಗಿತ್ತು. ಯಾರೋ ನಡುವಿನವರಿಗೆ ಕೊಟ್ಟಾಗಿತ್ತು, ಆ ನಡುವಿನವರು ಫೋನ್ ಕಂಪನಿಗಳಿಗೆ ಕೊಟ್ಟಾಗಿತ್ತು. "ನಿಲ್ಸೋ ಗುಂಡಿ ನನ್ನತ್ರ ಇಲ್ವಲ್ಲ ಮೇಡಂ" ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಹಾಡೂ ಅಷ್ಟೇ ಅಂತ ಅವತ್ತು ಗೊತ್ತಾಯಿತು.

ಹಳೇ ಯಜಮಾನರನ್ನು ನೋಡಲು ಆರ್.ಟಿ. ನಗರಕ್ಕೆ ಹೋದೆ, ಮಗಳ ಮನೆಯಲ್ಲಿದ್ದರು. ಕಿವಿ ಪೂರ್ತಿ ಹೋಗಿತ್ತು. ಕೂಗಿ ಕೂಗಿ ಹೇಳಿದೆ. ಅರ್ಥವಾದ ಮೇಲೆ ಪಂಚೆಯ ಅಂಚನ್ನು ಹೊಸೆಯುತ್ತ ಕೂತರು. "ಅಳಿಸೋಕೆ ನನಗೆ ಕೈ ಬರಲಿಲ್ಲಮ್ಮ. ಅಂಥಾ ಹಾಡನ್ನ ನಾನು ಆಮೇಲೆ ಕೇಳಲೇ ಇಲ್ಲ. ದೇವರ ಹತ್ರ ಇಟ್ರೆ ಯಾರು ತಾನೇ ಮುಟ್ತಾರೆ ಅಂದ್ಕೊಂಡೆ. ಕಂಪನಿ ಮಾರ್ದಾಗ ಅದನ್ನ ಮನೆಗೆ ತಂದುಬಿಡೋಣ ಅಂತ ಕೈ ಚಾಚಿದೆ. ಈ ಕೋಣೆ ದಾಟಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ, ನಾನೇ ದಾಟಿಸೋದು ಹೇಗೆ ಅಂತ ಅಲ್ಲೇ ಬಿಟ್ಟೆ" ಅಂದರು. ಅಷ್ಟು ನಿಯತ್ತಿನ ಮನುಷ್ಯ. ಸ್ವಲ್ಪ ಕಡಿಮೆ ನಿಯತ್ತಿದ್ದಿದ್ದರೆ ನಮ್ಮಮ್ಮ ನೆಮ್ಮದಿಯಾಗಿರುತ್ತಿದ್ದಳು ಅಂತ ಬಸ್ಸಿನಲ್ಲಿ ಬರುತ್ತ ಸಿಟ್ಟಿನಿಂದ ಅತ್ತೆ.

ಆಮೇಲಿನ ವರ್ಷಗಳಲ್ಲಿ ಅಮ್ಮ ಫೋನು ಮುಟ್ಟಲಿಲ್ಲ. ಕಾಲರ್ ಟ್ಯೂನು ಫೋನು ಮಾಡಿದವರಿಗೆ ಮಾತ್ರ ಕೇಳಿಸುತ್ತದೆ, ಬೇರೆಯವರಿಗೆ ಕೇಳಿಸುವುದಿಲ್ಲ ಅಂತ ಸಮಾಧಾನ ಮಾಡಲು ಹೋದೆ. ಅದೇ ಅವಳಿಗೆ ದೊಡ್ಡ ಸಂಕಟವಾಯಿತು. "ಎದ್ರಿಗೆ ಕರುದ್ರೆ ಬ್ಯಾಡ ಅನ್ನಬೋದು. ಎಲ್ಲೋ ಯಾರೋ ಗ್ಯಾಸಿನೋನಿಗೆ ಫೋನ್ ಮಾಡಕ್ಕೂ ನನ್ ಕೂಸ್ನ ಕರೀತಾರೆ. ಅದು ದಿನಕ್ಕೆ ಎಷ್ಟ್ ಸಲ ತಿರುಗ್ಬೇಕೇ? ಎಷ್ಟ್ ದೂರ ಓಗಿರ್ತದೆ?" ಸಂಜೆ ದೀಪ ಹಚ್ಚಿದ ಮೇಲೆ ಹೊಸ್ತಿಲ ಹತ್ತಿರ ಹೋಗಿ ಆಚೆ ನೋಡುತ್ತ ನಿಲ್ಲುತ್ತಿದ್ದಳು. "ತಿರುಗ್ಬ್ಯಾಡ, ನಡಿ" ಅನ್ನುತ್ತಿದ್ದಳು. ಹೆಸರು ಹೇಳುತ್ತಿರಲಿಲ್ಲ. ಅಷ್ಟು ಹೇಳಿ ಒಳಗೆ ಬಂದು ತರಕಾರಿ ಹೆಚ್ಚಲು ಕೂರುತ್ತಿದ್ದಳು.

ನನಗೆ ಇದರಲ್ಲಿ ನಂಬಿಕೆಯಿತ್ತೇ ಅಂತ ಕೇಳಿದರೆ ಏನು ಹೇಳಲಿ. ನನಗೆ ನಂಬಿಕೆಯಿದ್ದದ್ದು ಅಮ್ಮನ ಮುಖದಲ್ಲಿ. ಅದು ದಿನದಿನಕ್ಕೆ ಇಳಿಯುತ್ತಿತ್ತು. ಜೊತೆಗೆ, ಮುಚ್ಚಿಟ್ಟು ಏನು ಪ್ರಯೋಜನ, ನನಗೆ ಹೊಟ್ಟೆಕಿಚ್ಚೂ ಇತ್ತು. ಹೋದ ಮಗುವಿಗೆ ಇಂಥ ಹಾಡು, ಇದ್ದ ಮಗುವಿಗೆ ಬೆನ್ನು ತಟ್ಟುವುದು. ಈ ವಯಸ್ಸಿನಲ್ಲಿ ಆ ಕೂಸಿನ ಮೇಲೆ ಮತ್ಸರವೇ ಅಂತ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಎರಡು ಸಾವಿರದ ಹದಿನಾಲ್ಕರ ಹೊತ್ತಿಗೆ ಜಕ್ಕೂರಿನವರಿಗೂ ಸಾಕಾಯಿತು. ಅಪಾರ್ಟ್‌ಮೆಂಟಿನ ಯಾವುದೋ ವ್ಯಾಜ್ಯ ಕೋರ್ಟಿಗೆ ಹೋಗಿ ಅವರ ತಲೆ ಕೆಟ್ಟಿತ್ತು. ಕಂಪನಿ ಇನ್ನೊಮ್ಮೆ ಮಾರಾಟವಾಯಿತು. ಈ ಸಲ ಕೊಂಡವರು ಮನುಷ್ಯರಲ್ಲ, ಇನ್ನೊಂದು ಕಂಪನಿ. ಹೆಬ್ಬಾಳದ ಫ್ಲೈಓವರ್ ಹತ್ತಿರ ಗಾಜಿನ ಕಟ್ಟಡದಲ್ಲಿ ಅವರ ಆಫೀಸು. ವ್ಯಾನು ಬಂತು, ಟೇಪುಗಳನ್ನೆಲ್ಲ ತುಂಬಿಕೊಂಡು ಹೋಯಿತು. ಯಂತ್ರ ಬೇಡ ಅಂದರು, ಮೊಟ್ಟೆ ಟ್ರೇ ಬೇಡ ಅಂದರು, ದೇವರ ಗೂಡಂತೂ ಗೋಡೆಯಲ್ಲೇ ಉಳಿಯಿತು. ನನ್ನನ್ನೂ ಯಾರೂ ಕೊಂಡುಕೊಳ್ಳಲಿಲ್ಲ. ಜಕ್ಕೂರಿನವರು ಕೈಮುಗಿದು, "ಆ ಜೋಗುಳ ಮುಟ್ಬೇಡಿ ಅಂತ ಹೇಳಿದೀನಿ ಮೇಡಂ, ಸರಿ ಅಂದವ್ರೆ" ಅಂದರು. ಯಾರು ಸರಿ ಅಂದರೋ, ಅವರು ಆರು ತಿಂಗಳಲ್ಲಿ ಬೇರೆ ಕೆಲಸಕ್ಕೆ ಹೋಗಿರಬೇಕು.

ಆ ಜೋಗುಳ ಇಂಟರ್‌ನೆಟ್ಟಿಗೆ ಬಂತು. ಬಣ್ಣದ ಚಂದಮಾಮ, ತೂಗುವ ತೊಟ್ಟಿಲು, ಕಣ್ಣು ಮಿಟುಕಿಸುವ ಮೊಲ, ಇಷ್ಟೆಲ್ಲ ಬೊಂಬೆಯ ಹಿಂದೆ ನಮ್ಮಮ್ಮನ ದನಿ. ಮೇಲಿನ ಮನೆಗೆ ಬಾಡಿಗೆಗೆ ಬಂದವರ ಕೂಸು ಅದನ್ನು ಹಾಕದೆ ಅನ್ನವನ್ನೇ ತಿನ್ನುತ್ತಿರಲಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಹಟ ಹೆಚ್ಚಾದರೆ ನಾಲ್ಕು ಸಲ. ಸೂರಿನಿಂದ ಹೆಸರು ಇಳಿದು ಬರುತ್ತಿತ್ತು. ಅಮ್ಮ ಮೊದಲು ಕಿವಿಗೆ ಹತ್ತಿ ಇಟ್ಟುಕೊಂಡಳು. ಆಮೇಲೆ ಅದು ಶುರುವಾದ ತಕ್ಷಣ ಹೊಸ್ತಿಲಿಗೆ ಓಡಲು ಶುರು ಮಾಡಿದಳು. ಕೈಯಲ್ಲಿ ಅನ್ನದ ತಟ್ಟೆ ಇದ್ದರೂ ಬಿಟ್ಟು ಎದ್ದಳು. ಒಂದು ದಿನ ಎಡವಿ ಬಿದ್ದು ಮಂಡಿ ಒಡೆದುಕೊಂಡಳು.

"ಮೇಲಿನೋರಿಗೆ ನಿಲ್ಸಿ ಅಂತ ಹೇಳಿ ಬರ್ತೀನಿ ಇರು" ಅಂತ ನಾನು ಎದ್ದೆ.

"ಬ್ಯಾಡ" ಅಂತ ನನ್ನ ಕೈ ಹಿಡಿದಳು. "ಆ ಕೂಸು ಉಣ್ಲಿ. ಅದರ ತಪ್ಪೇನು? ಯಾರತ್ರ ಐತೋ ಅವರತ್ರ ನನ್ನ ಕರ್ಕೊಂಡೋಗು."

ಹೋದೆವು. ಅಮ್ಮ ಹಳೇ ಯಜಮಾನರು ಕೊಟ್ಟಿದ್ದ ಸೀರೆಯನ್ನೇ ಉಟ್ಟಿದ್ದಳು. ಬೇಕಂತಲೇ ಉಟ್ಟಳೋ, ಕೈಗೆ ಸಿಕ್ಕಿತೋ, ಕೇಳಲಿಲ್ಲ. ಗಾಜಿನ ಕಟ್ಟಡದ ಕೆಳಗೆ ಸೆಕ್ಯೂರಿಟಿಯವನು ಯಾರನ್ನು ನೋಡಬೇಕು ಅಂದ. "ಹಾಡಿನ ಓನರ್‌ನ" ಅಂದೆ. ಅವನಿಗೆ ನಗು ಬಂತು. ನಾನು ನೋಡಿದ ನೋಟಕ್ಕೆ ನಿಲ್ಲಿಸಿದ. ಒಂದು ಗಂಟೆ ಕಾಯಿಸಿ ಒಬ್ಬಳು ಹುಡುಗಿಯ ಹತ್ತಿರ ಕಳಿಸಿದರು. ನನ್ನ ಮಗಳ ವಯಸ್ಸು ಇರಬಹುದು. ಕೂರಿಸಿ ನೀರು ಕೊಟ್ಟಳು, ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಮೇಡಂ, ಸಿಂಗರ್ ನೇಮ್ ಅನ್‌ನೋನ್ ಅಂತ ಇದೆ ನಮ್ ಸಿಸ್ಟಮ್‌ನಲ್ಲಿ. ಈ ಅಜ್ಜೀನೇ ಹಾಡಿದ್ದು ಅಂತ ನಾನು ಹೇಗೆ ಹೇಳ್ಲಿ? ಅಜ್ಜಿ, ಒಂದೆರಡು ಲೈನ್ ಹಾಡ್ತೀರಾ? ಕೇಳಿದ್ರೆ ಗೊತ್ತಾಗತ್ತೆ."

ಅಮ್ಮ ಸುತ್ತ ನೋಡಿದಳು. ನಾಲ್ಕು ಕಡೆ ಗಾಜು. ಗಾಜಿನಾಚೆ ಜನ ಕೂತು ಕೆಲಸ ಮಾಡುತ್ತಿದ್ದರು.

"ಇಲ್ಲಿಂದ ಸದ್ದು ಆಚೆ ಓಯ್ತದಾ ತಾಯಿ?" ಅಂದಳು.

ಆ ಹುಡುಗಿಗೆ ಅರ್ಥವಾಗಲಿಲ್ಲ. ಆದರೆ ಸುಳ್ಳು ಹೇಳಲಿಲ್ಲ. "ಸ್ವಲ್ಪ ಹೋಗತ್ತೆ ಅಜ್ಜಿ" ಅಂದಳು.

"ಅಂಗಾರೆ ಆಗಲ್ಲ" ಅಂದು ಅಮ್ಮ ಎದ್ದಳು. ಬಾಗಿಲವರೆಗೂ ಹೋಗಿಯೇಬಿಟ್ಟಳು. ನಾನು ಅವಳನ್ನು ಹಿಡಿದು ನಿಲ್ಲಿಸಿ, ಬೇಡ ಬೇಡ ಅಂತ ಅವಳು ಸೆರಗು ಜಗ್ಗುತ್ತಿದ್ದರೂ ಆ ಹುಡುಗಿಗೆ ಎಲ್ಲ ಹೇಳಿದೆ. ಜ್ವರ, ಅಜ್ಜಿಯ ಮಾತು, ಕೋಣೆ, ದೇವರ ಗೂಡು, ಹೊಸ್ತಿಲು, ಒಡೆದ ಮಂಡಿ. ಹೇಳುವಷ್ಟರಲ್ಲಿ ನನ್ನ ದನಿ ಏರಿತ್ತು. ಗಾಜಿನಾಚೆಯವರು ತಲೆ ಎತ್ತಿ ನೋಡುತ್ತಿದ್ದರು.

ಆ ಹುಡುಗಿ ಎದ್ದು ಒಳಗೆ ಹೋಗಿ ಯಾರ ಹತ್ತಿರವೋ ಬಹಳ ಹೊತ್ತು ಮಾತಾಡಿ ಬಂದಳು. ಹಾಡನ್ನು ತೆಗೆಯಲು ಬರುವುದಿಲ್ಲವಂತೆ, ಅದು ಎಲ್ಲೆಲ್ಲೋ ಒಪ್ಪಂದದಲ್ಲಿ ಸಿಕ್ಕಿಕೊಂಡಿದೆಯಂತೆ. "ಆದ್ರೆ ಹಳೇ ಹಾಡುಗಳ್ನೆಲ್ಲ ಕ್ಲೀನ್ ಮಾಡಿ ಹೊಸ್ದಾಗಿ ಹಾಕ್ತಾ ಇದೀವಿ. ಅದ್ರಲ್ಲಿ ಹೆಸರನ್ನ ಕಟ್ ಮಾಡ್ಬಹುದು, ಎಲ್ಲಾ ಕಡೆ ಹಳೇದನ್ನ ತೆಗ್ದು ಅದನ್ನೇ ಹಾಕ್ತೀವಿ. ಬರೀ ಕಟ್ ಮಾಡಿದ್ರೆ ಹಾಡು ಅಲ್ಲಲ್ಲಿ ಮುರಿದುಹೋಗತ್ತೆ. ಆ ಜಾಗಕ್ಕೆ ಏನಾದ್ರೂ ಬೇಕು ಮೇಡಂ. ಕಂದ ಅಂತ ಹಾಕೋಣ್ವಾ?"

"ಬ್ಯಾಡ" ಅಂದಳು ಅಮ್ಮ. "ಕಂದ ಅಂದ್ರೂ ಅದೇ ತಿರುಗ್ತದೆ. ನಾನು ಅಂಗೂ ಕರೀತಿದ್ದೆ."

ಪುಟ್ಟಿ, ಚಿನ್ನ, ಬಂಗಾರ, ಆ ಹುಡುಗಿ ಒಂದೊಂದೇ ಹೇಳಿದಳು. ಅಮ್ಮ ಎಲ್ಲದಕ್ಕೂ ತಲೆ ಆಡಿಸಿದಳು. ಎಲ್ಲ ಹೆಸರಿನಲ್ಲೂ ಅವಳು ಅದನ್ನು ಕರೆದಿದ್ದಳು. ನನ್ನನ್ನು ಈ ಯಾವ ಹೆಸರಿನಲ್ಲೂ ಅವಳು ಕರೆದ ನೆನಪು ನನಗಿರಲಿಲ್ಲ. ನನ್ನನ್ನು ನನ್ನ ಹೆಸರಿನಲ್ಲೇ, ಅದೂ ಅರ್ಧ ಕತ್ತರಿಸಿ, ಕೆಲಸ ಹೇಳುವಾಗ ಕರೆಯುತ್ತಿದ್ದಳು. ನಾನು ಆ ಹುಡುಗಿಯ ಮುಂದೆ ಹೋಗಿ ನಿಂತೆ. ಸಿಟ್ಟೋ ಅಳುವೋ ಈಗಲೂ ಗೊತ್ತಿಲ್ಲ.

"ನನ್ನ ಹೆಸರು ಹಾಕಿ" ಅಂದೆ.

ಇಬ್ಬರೂ ನನ್ನ ಕಡೆ ತಿರುಗಿದರು.

"ನನ್ನ ಹೆಸರು ಹಾಕಿ. ನಾನಿನ್ನೂ ಬದುಕಿದೀನಲ್ಲ. ಎಷ್ಟ್ ಸಲ ಬೇಕಾದ್ರೂ ಕರೀಲಿ, ತಿರುಗಿ ನೋಡ್ತೀನಿ. ನನಗೆ ಯಾವ ದಾರೀನೂ ತಪ್ಪಲ್ಲ."

ಅಮ್ಮ ನನ್ನನ್ನು ನೋಡಿದಳು. ಆಪರೇಷನ್ ಆದ ಕಣ್ಣಲ್ಲಿ ಅಷ್ಟು ಹೊತ್ತು ಅವಳು ನನ್ನನ್ನು ನೋಡಿದ್ದು ಅದೇ ಮೊದಲು. ಕೊನೆಗೆ, "ಯಂತ್ರದ ಕೋಣೆ ಎಲ್ಲೈತೆ?" ಅಂದಳು.

ಅವರ ರೆಕಾರ್ಡಿಂಗ್ ಕೋಣೆಯಲ್ಲಿ ಮೊಟ್ಟೆ ಟ್ರೇ ಇರಲಿಲ್ಲ, ಬೂದು ಬಣ್ಣದ ಮೆತ್ತೆಗಳಿದ್ದವು. ಅಮ್ಮ ಬಾಗಿಲನ್ನು ತಾನೇ ಎಳೆದು ನೋಡಿ, ನನ್ನನ್ನು ಆಚೆ ನಿಲ್ಲಿಸಿ ಕೂಗಿ, ಕೇಳಿಸಿತಾ ಅಂತ ಕೇಳಿ, ಇಲ್ಲ ಅಂದ ಮೇಲೆ ನನ್ನನ್ನೂ ಒಳಗೆ ಕರೆದುಕೊಂಡಳು. ಕಿವಿಗೆ ಹೆಡ್‌ಫೋನ್ ಹಾಕಿದರು. ಅದರಲ್ಲಿ ಅವಳ ಹಳೇ ದನಿ ಬರುತ್ತದೆ, ಹೆಸರಿನ ಜಾಗ ಬಂದಾಗ ಈಗಿನ ದನಿಯಲ್ಲಿ ಹೊಸ ಹೆಸರು ಹಾಡಬೇಕು. ಮೊದಲ ಸಲ ಅವಳ ತುಟಿ ಹಳೇ ಹೆಸರಿಗೇ ಹೋಯಿತು. ಅರ್ಧದಲ್ಲಿ ಕಚ್ಚಿ ಹಿಡಿದಳು. "ಅಳ್ಸು ಅದ್ನ" ಅಂತ ಯಂತ್ರದ ಮುಂದಿದ್ದವನಿಗೆ ಸನ್ನೆ ಮಾಡಿದಳು. ಅವನು ಅಳಿಸಿದೆ ಅಂದ. ಇನ್ನೊಂದು ಸಲ ಹಾಕಿ ಕೇಳಿಸು ಅಂದಳು. ಖಾಲಿ ಸದ್ದು ಕೇಳಿಸಿದ ಮೇಲೆಯೇ ಅವಳು ಉಸಿರು ಬಿಟ್ಟದ್ದು.

ಆಮೇಲೆ ನನ್ನನ್ನು ಕರೆದಳು. ಸಾಲಿಗೊಮ್ಮೆ ಕರೆದಳು. ತೊಟ್ಟಿಲಿಗೆ ಬಾ ಅಂತ, ಮಡಿಲಿಗೆ ಬಾ ಅಂತ. ದನಿ ಒಡೆದಿತ್ತು, ಎತ್ತರದ ಜಾಗದಲ್ಲಿ ಉಸಿರು ಸಾಲುತ್ತಿರಲಿಲ್ಲ. ನಾನು ಗೋಡೆಗೆ ಒರಗಿ ನಿಂತು, ಸೊಸೆ ತರುವ ವಯಸ್ಸಿನವಳು, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಸದ್ದು ಮಾಡಿದರೆ ರೆಕಾರ್ಡಾಗುತ್ತದೆ ಅನ್ನುವ ಬುದ್ಧಿ ಅಷ್ಟು ವರ್ಷದ ಕೆಲಸ ಕಲಿಸಿತ್ತು.

ಬಸ್ಸಿಗೆ ಕಾಯುತ್ತ ನಿಂತಾಗ ಅಮ್ಮ, "ನಿನ್ ಎಸ್ರು ಆ ರಾಗಕ್ಕೆ ಕೂರಲ್ಲ ಕಣೇ. ಸ್ವಲ್ಪ ಎಳೀಬೇಕಾಯ್ತು" ಅಂದಳು.

"ಇಟ್ಟೋಳು ನೀನೇ ತಾನೇ" ಅಂದೆ. ಅವಳು ನಕ್ಕಳು.

ಮೇಲಿನ ಮನೆಯಲ್ಲಿ ಹಾಡು ಬದಲಾಯಿತು. ಎಳೇ ದನಿಯ ನಡುವೆ ಹೆಸರು ಮಾತ್ರ ಮುದುಕಿಯ ದನಿಯಲ್ಲಿ ಬರುತ್ತದೆ. ಗಮನ ಕೊಟ್ಟು ಕೇಳಿದರೆ ಯಾರಿಗಾದರೂ ಗೊತ್ತಾಗುತ್ತದೆ. ಅಮ್ಮ ಊಟದ ಮಧ್ಯೆ ಏಳುವುದು ನಿಂತಿತು. ಸಂಜೆ ಹೊಸ್ತಿಲಿಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಹಳೇದು ಎಷ್ಟೋ ಜನರ ಫೋನಿನಲ್ಲಿ, ಆಟೋದವರ ಪೆನ್‌ಡ್ರೈವಿನಲ್ಲಿ ಉಳಿದೇ ಇತ್ತು. ಅದನ್ನು ಯಾವ ಕಂಪನಿಯೂ ವಾಪಸ್ ತರಲಾರದು ಅಂತ ನಾನು ಅವಳಿಗೆ ಹೇಳಲಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಿತ್ತು.

ಹೋದ ವರ್ಷ ಅಮ್ಮ ತೀರಿಕೊಂಡಳು. ಕಂಪನಿ ಮತ್ತೆ ಯಾರಿಗೋ ಮಾರಾಟವಾಗಿದೆಯಂತೆ, ಈ ಸಲದವರು ಮುಂಬೈಯವರಂತೆ. ನಾನು ವಿಚಾರಿಸಲು ಹೋಗಿಲ್ಲ.

ಮೊನ್ನೆ ಯಲಹಂಕದ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಬೆನ್ನ ಹಿಂದೆ ಒಂದು ಆಟೋ ಬಂದು ನಿಂತಿತು. ಒಳಗೆ ಅದೇ ಜೋಗುಳ ಹಾಕಿದ್ದರು. ಯಾವುದಿದು, ಹಳೇದೋ ಹೊಸದೋ ಅಂತ ಕಿವಿಗೊಟ್ಟು ನಿಂತೆ. ಸಾಲು ಮುಗಿಯಿತು, ಹೆಸರು ಬಂತು. ಎಳೇ ದನಿ. ನನ್ನ ಹೆಸರಲ್ಲ, ಆ ಕೂಸಿನದು.

ಆದರೂ ತಿರುಗಿದವಳು ನಾನೇ. ಬಸ್ ಸ್ಟಾಪಿನ ಜನ ನೋಡಿದರೆ ನೋಡಲಿ ಅಂತ ಬಾಯಿಬಿಟ್ಟೇ ಹೇಳಿದೆ.

"ನೀನು ನಡಿಯಕ್ಕಾ. ನಾನು ನೋಡ್ತೀನಿ."